ತೊಮಿಯಕ್ಕನ ಸಪ್ಪೆ ಸಾರು

ತೊಮಿಯಕ್ಕ ನನ್ನ ಅಂಗಡಿಯಲ್ಲಿ ಕಡಲಸೊಪ್ಪು ಕೊಳ್ಳುವುದನ್ನು ನಿಲ್ಲಿಸಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನಮ್ಮದು ಒಣಸಾಮಾನಿನ ಅಂಗಡಿ. ಉತ್ತರದ ಕಡಲಿನಿಂದ ಬರುವ ಒಣ ಕಡಲಸೊಪ್ಪಿನ ಅಗಲ ಹಾಳೆಗಳು, ಕಟ್ಟಿಗೆಯ ತುಂಡಿನಷ್ಟು ಗಟ್ಟಿಯಾಗಿ ಒಣಗಿಸಿದ ಮೀನು, ಒಣ ಅಣಬೆ, ಇವೇ ನಮ್ಮ ಅನ್ನ. ಸಾರು ಕಾಯಿಸುವ ಮನೆಯವರು ಯಾರೇ ಆಗಲಿ, ಆಗಾಗ ನಮ್ಮ ಹೊಸ್ತಿಲು ತುಳಿಯಲೇಬೇಕು. ಅವರೆಲ್ಲರಲ್ಲಿ ತೊಮಿಯಕ್ಕನ ಗೋಳು ಹೆಚ್ಚು. ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡುವಳು, ಮೂಸುವಳು, ಅಂಚನ್ನು ಉಗುರಿನಿಂದ ಕೆರೆಯುವಳು. "ಸೆತ್ಸು, ಇದಕ್ಕೆ ಥಂಡಿ ಹೊಡೆದಿದೆ ಕಣೆ. ಇದನ್ನ ಯಾರು ತಗೋತಾರೆ?" ಎಂದು ಗೊಣಗಿ, ಕೊನೆಗೆ ಮೊದಲು ಮುಟ್ಟಿದ ಹಾಳೆಯನ್ನೇ ಒಯ್ಯುವಳು. ಆದರೆ ಅವಳ ತಿಳಿಸಾರಿನ ಮಾತೇ ಬೇರೆ. ಹೇಳಿದರೆ ತೀರಿಹೋದ ನಮ್ಮತ್ತೆ ನೊಂದುಕೊಂಡಾರು, ಆದರೂ ಹೇಳುತ್ತೇನೆ, ನಮ್ಮ ಬೀದಿಯಲ್ಲಿ ಅಂಥ ಸಾರು ಇನ್ನು ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಒಂದು ಗುಟುಕು ಬಾಯಿಗೆ ಹೋದರೆ ನಾಲಿಗೆಯ ಎರಡು ಬದಿಯಲ್ಲೂ ನೀರೂರುತ್ತಿತ್ತು.

ಅಂಥವಳು ಒಂದು ಬೇಸಿಗೆಯಲ್ಲಿ ಬರುವುದನ್ನೇ ಬಿಟ್ಟಳು. ಸ್ಟೇಷನ್ ಹತ್ತಿರ ಹೊಸದಾಗಿ ದೊಡ್ಡ ಅಂಗಡಿಯೊಂದು ತೆರೆದಿತ್ತು. ಅಲ್ಲಿಗೇ ಹೋಗುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿ, ಎದುರು ಸಿಕ್ಕಾಗಲೆಲ್ಲ ಮುಖ ತಿರುಗಿಸಿದೆ. ಕೊಲ್ಲಿಯಾಚೆಯ ಬೆಂಕಿಬೆಟ್ಟ ಬೂದಿ ಉಗುಳಿದ ದಿನ ನಮ್ಮಲ್ಲಿ ಪಕ್ಕದ ಮನೆಯ ಬಾಗಿಲನ್ನೂ ಸೇರಿಸಿ ಗುಡಿಸುವುದು ವಾಡಿಕೆ. ತೊಮಿಯಕ್ಕನ ಮನೆ ನಮ್ಮ ಪಕ್ಕದ್ದೇ, ಆದರೂ ನಾನು ನನ್ನ ಗೋಡೆ ಮುಗಿಯುವ ಕಡೆ ಪೊರಕೆ ನಿಲ್ಲಿಸಿ ಒಳಗೆ ಬರುತ್ತಿದ್ದೆ. ಅವಳು ಒಂದು ಮಾತೂ ಆಡದೆ ತನ್ನದನ್ನೂ ನನ್ನದನ್ನೂ ಗುಡಿಸುತ್ತಿದ್ದಳು. ಅದು ನನ್ನ ಹೊಟ್ಟೆಯನ್ನು ಇನ್ನಷ್ಟು ಉರಿಸುತ್ತಿತ್ತು.

ತೊಮಿ ಕುಬೊಜೊನೊ ಎಂದು ಅವಳ ಪೂರ್ತಿ ಹೆಸರು. ಮೀನುವಡೆ ಮಾಡುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ ಅವಳಿಗೆ ಬಿಟ್ಟುಹೋದದ್ದು ಒಬ್ಬ ಮಗಳನ್ನು ಮತ್ತು ಮನೆ ತುಂಬ ಜೇಡಗಳನ್ನು. ಬೇರೆ ಊರಿನವರು ನಗುವುದಾದರೆ ನಗಲಿ. ನಮ್ಮೂರಿನ ಗಂಡಸರಿಗೆ ಜೂನ್ ಬಂತೆಂದರೆ ಜೇಡದ ಹುಚ್ಚು. ಹಳದಿ ಪಟ್ಟೆಯ ಹೆಣ್ಣು ಜೇಡಗಳನ್ನು ಊರ ಹಿಂದಿನ ಬೆಟ್ಟದ ಅಂಚಿನಿಂದ ಹಿಡಿದು ತಂದು ಮನೆಯೊಳಗೇ ಬಿಟ್ಟು ಸಾಕುತ್ತಾರೆ. ಸೂರಿನ ಮೂಲೆ, ಬಟ್ಟೆ ಒಣಹಾಕುವ ಗಳ, ಹಿರಿಯರ ಚಿತ್ರವಿಟ್ಟ ಗೂಡು, ಎಲ್ಲೆಂದರಲ್ಲಿ ಬಲೆ. ಹೆಂಡತಿಗೆ ಎಂದೂ ಮಾಡದ ಉಪಚಾರ ಜೇಡಕ್ಕೆ ನಡೆಯುತ್ತದೆ. ಪಂದ್ಯದ ದಿನ ಒಂದು ಅಡ್ಡ ಕೋಲಿನ ಮೇಲೆ ಎರಡು ಜೇಡಗಳನ್ನು ಎದುರುಬದುರು ಬಿಡುತ್ತಾರೆ. ಎದುರಾಳಿಯನ್ನು ನೂಲಿನಲ್ಲಿ ಸುತ್ತಿದ್ದೋ, ಅದು ನೇತಾಡುವ ಎಳೆಯನ್ನು ಕಡಿದು ಬೀಳಿಸಿದ್ದೋ ಗೆದ್ದಂತೆ. ಸಾಯುವ ಮೊದಲೇ ತೀರ್ಪುಗಾರ ಬೆರಳಿನಿಂದ ಬಿಡಿಸುತ್ತಾನೆ. ಎಲ್ಲ ಮುಗಿದ ಮೇಲೆ ಸೋತದ್ದನ್ನೂ ಗೆದ್ದದ್ದನ್ನೂ ಬೆಟ್ಟಕ್ಕೇ ಒಯ್ದು ಬಿಡಬೇಕು. ಜೇಡವನ್ನು ಸಾಯಲು ಬಿಟ್ಟವರಿಗೆ ಕೋಲಿನ ಬಳಿ ಜಾಗವಿಲ್ಲ.

ಗಂಡ ಹೋದ ಮೇಲೆ ತೊಮಿಯಕ್ಕ ಬಲೆಗಳನ್ನು ಗುಡಿಸಿ ಹಾಕುತ್ತಾಳೆ ಎಂದುಕೊಂಡಿದ್ದೆವು. ಅವಳು ಗುಡಿಸಲಿಲ್ಲ. ಮರುವರ್ಷ ತಾನೇ ಬೆಟ್ಟದಂಚಿಗೆ ಹೋಗಿ ಹೊಸ ಜೇಡಗಳನ್ನು ತಂದಳು, ಕೋಲಿನ ಬಳಿಗೂ ಹೋದಳು. ಗಂಡಸರು ಮೀಸೆಯಡಿ ನಕ್ಕರು. ಮುಂದೆ ಒಂದು ವರ್ಷ ಅವಳ ಬೆನಿ ಎಂಬ ಜೇಡ ಅವರ ಜೇಡಗಳನ್ನೆಲ್ಲ ಒಂದೊಂದಾಗಿ ಕೆಳಗೆ ಕೆಡವಿತು. ಆಮೇಲೆ ನಗುವುದನ್ನು ನಿಲ್ಲಿಸಿದರು.

ಅದೇ ವರ್ಷ ಮಗಳು ಚಿಜುರುವಿಗೆ ಫಿಟ್ಸ್ ಶುರುವಾದದ್ದು. ಆಗ ಅವಳು ಮೂರನೇ ತರಗತಿ. ಮೊದಲು ಎಡಗೈಯ ಹೆಬ್ಬೆರಳು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಆಮೇಲೆ ಮುಂಗೈ, ತೋಳು, ಆಮೇಲೆ ಇಡೀ ಮೈ. ಹೆಬ್ಬೆರಳು ಕುಣಿದದ್ದು ಕಂಡ ಕೂಡಲೇ ತೊಮಿಯಕ್ಕ ಅವಳನ್ನು ನೆಲಕ್ಕೆ ಮಲಗಿಸಿ ತಲೆಯ ಕೆಳಗೆ ತನ್ನ ಕೈ ಕೊಡುತ್ತಿದ್ದಳು. ಅದಕ್ಕಿಂತ ಹೆಚ್ಚು ಮಾಡಲು ಅವಳ ಹತ್ತಿರ ಏನೂ ಇರಲಿಲ್ಲ. ಶಹರದ ಡಾಕ್ಟರು ಮಾತ್ರೆ ಕೊಟ್ಟರು. ಮಗು ತರಗತಿಯಲ್ಲಿ ತೂಕಡಿಸಿತು, ಫಿಟ್ಸ್ ಮಾತ್ರ ಬರುತ್ತಲೇ ಇತ್ತು. ಮಗಳು ಎಲ್ಲಿ ಬೀಳುತ್ತಾಳೋ, ಯಾರು ಇರುತ್ತಾರೋ ಎಂದು ತೊಮಿಯಕ್ಕ ಕಾರ್ಖಾನೆಯಲ್ಲಿ ನಿಂತಲ್ಲೇ ಬೆವರುತ್ತಿದ್ದಳಂತೆ.

ಇಷ್ಟು ನಮಗೆಲ್ಲ ಗೊತ್ತಿದ್ದದ್ದು. ಕಡಲಸೊಪ್ಪಿನ ವಿಷಯ ನನಗೆ ಗೊತ್ತಾಗಲು ಮೂರು ನಾಲ್ಕು ವರ್ಷ ಹಿಡಿಯಿತು.

ಒಂದು ಸಂಜೆ ಚಿಜುರು ಶಾಲೆಯ ಚೀಲ ಹೊತ್ತು ನನ್ನ ಅಂಗಡಿಯ ಮುಂದೆ ನಿಂತಿದ್ದಳು. ಆ ಹುಡುಗಿಗೆ ಹೀಗೆ ಬಂದು ನಿಲ್ಲುವ ಅಭ್ಯಾಸವಿತ್ತು. ಏನೂ ಕೊಳ್ಳುತ್ತಿರಲಿಲ್ಲ, ಸುಮ್ಮನೆ ವಾಸನೆ ಕುಡಿಯುತ್ತಿದ್ದಳು. ನಾನು ಆಚೆ ತಿರುಗಿದ್ದೇ ತಡ, ಕತ್ತರಿಸಿದ ಕಡಲಸೊಪ್ಪಿನ ಚೂರುಗಳ ಡಬ್ಬಿಗೆ ಕೈ ಹಾಕಿ ಒಂದನ್ನು ಬಾಯಿಗೆ ಹಾಕಿಕೊಂಡಳು. ನಾನು ಗೋಡೆಯ ಕನ್ನಡಿಯಲ್ಲಿ ನೋಡಿದೆ. ಕಣ್ಣು ಮುಚ್ಚಿ ಅದನ್ನು ಅಗಿಯುತ್ತಿದ್ದ ರೀತಿ ನೋಡಿ ಬಯ್ಯಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಹೆಬ್ಬೆರಳು ಕುಣಿಯಿತು. ನಾನು ಕೌಂಟರು ದಾಟಿ ಬರುವಷ್ಟರಲ್ಲಿ ಅವಳು ಬಿದ್ದಾಗಿತ್ತು.

ತೊಮಿಯಕ್ಕ ಓಡಿ ಬಂದಳು. ಮೈ ಅದುರುವುದು ನಿಂತ ಮೇಲೆ ಮಗಳ ಬಾಯಿಗೆ ಬೆರಳು ಹಾಕಿ ಚೂರನ್ನು ಹೊರಗೆ ತೆಗೆದಳು. ಅದನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಇದನ್ನ ನೀನು ಕೊಟ್ಯಾ, ಸೆತ್ಸು?"

"ನಾನ್ಯಾಕೆ ಕೊಡಲಿ? ದೊಡ್ಡಂಗಡಿ ಗಿರಾಕಿಗಳ ಮಕ್ಕಳಿಗೆ ಬಿಟ್ಟಿ ಹಂಚೋಕೆ ನಾನೇನು ಛತ್ರ ಇಟ್ಕೊಂಡಿದ್ದೀನಾ?"

"ಯಾವ ದೊಡ್ಡಂಗಡಿ?" ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಇದು ಅವಳಿಗೆ ವಿಷ ಕಣೆ. ನಮ್ಮನೇಲಿ ಇದನ್ನ ಮುಟ್ಟಲ್ಲ. ಸೋಯಾ ಇಲ್ಲ, ಮಿಸೊ ಇಲ್ಲ, ಏನೂ ಇಲ್ಲ."

ಮಗುವನ್ನು ನನ್ನ ಒಳಕೋಣೆಯಲ್ಲಿ ಮಲಗಿಸಿ, ಅದರ ಪಕ್ಕ ಕೂತು, ಅವಳು ನನಗೆ ಎಲ್ಲ ಹೇಳಿದಳು.

ಬೆನಿ ಗೆದ್ದ ಆ ಜೂನ್‌ನಲ್ಲಿ ಟೋಕಿಯೊದಿಂದ ಇಗರಾಶಿ ಎಂಬ ಪಂಡಿತರೊಬ್ಬರು ಬಂದಿದ್ದರು. ನರಗಳ ವಿಷಯ ಓದುವವರು, ಇನ್ನೂ ಪ್ರಾಯ, ಆದರೂ ಎಲ್ಲರೂ ಗೌರವದಿಂದ 'ಸೆನ್ಸೇ' ಎನ್ನುತ್ತಿದ್ದರು. ಅವರಿಗೆ ನಮ್ಮ ಜೇಡಗಳ ವಿಷ ಬೇಕಿತ್ತು. ವಿಷದ ಚೀಲ ತೆಗೆದರೆ ಜೇಡ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಕೋಲಿನ ಗಂಡಸರು ಅವರನ್ನು ಬಾಗಿಲಲ್ಲೇ ಸಾಗಹಾಕಿದರು. ತೊಮಿಯಕ್ಕ ಒಳಗೆ ಕರೆದಳು, ಊಟಕ್ಕೆ ಕೂರಿಸಿದಳು. ಜೇಡದ ವಿಷಕ್ಕೂ ನರಕ್ಕೂ ಏನು ಸಂಬಂಧ ಎಂದು ಅವಳು ಕೇಳಿದಳಂತೆ.

"ನಮ್ಮ ತಲೆಯೊಳಗೆ ನರಗಳು ಒಂದಕ್ಕೊಂದು ಅಂಟಿಕೊಂಡಿರಲ್ಲ, ತೊಮಿ-ಸಾನ್," ಎಂದರಂತೆ ಅವರು. "ನಡುವೆ ಒಂದು ಸಣ್ಣ ಸಂದು ಇರತ್ತೆ. ಈ ಕಡೆ ನರ ಒಂದು ಚಿಟಿಕೆ ಪದಾರ್ಥ ಎಸೆಯತ್ತೆ. ಆ ಕಡೆ ನರದ ಮೇಲೆ ಪುಟ್ಟ ಪುಟ್ಟ ಬಾಯಿಗಳಿವೆ. ಪದಾರ್ಥ ಬಿದ್ದ ಕೂಡಲೇ ಬಾಯಿ ತೆರೆಯತ್ತೆ, ಆ ನರಾನೂ ಎಚ್ಚರ ಆಗತ್ತೆ, ಅದು ಮುಂದಿನದಕ್ಕೆ ಎಸೆಯತ್ತೆ. ನಾವು ನೋಡೋದು, ನೆನಪಿಟ್ಕೊಳ್ಳೋದು, ಬಹಳಷ್ಟು ಹೀಗೇ ನಡೆಯೋದು."

"ಏನದು, ಅದು ಎಸೆಯೋ ಪದಾರ್ಥ?"

ಇಗರಾಶಿ ಸೆನ್ಸೇ ಕೈಯಲ್ಲಿದ್ದ ಸಾರಿನ ಬಟ್ಟಲನ್ನು ಎತ್ತಿ ತೋರಿಸಿದರಂತೆ. "ಇದೇ. ನಿಮ್ಮ ಸಾರಿಗೆ ಈ ರುಚಿ ಕೊಟ್ಟಿರೋದು ಯಾವುದೋ, ಅದೇ. ಗ್ಲುಟಮೇಟ್ ಅಂತ ಹೆಸರು. ಕಡಲಸೊಪ್ಪಲ್ಲಿ ತುಂಬಿಕೊಂಡಿರೋದು ಅದೇ, ನಮ್ಮ ನರಗಳು ಮಾತಾಡೋದೂ ಅದರಲ್ಲೇ. ನೊಣದ ಮೈಯಲ್ಲಂತೂ ಸ್ನಾಯುವಿಗೆ ಅಪ್ಪಣೆ ಹೋಗೋದೂ ಇದರಿಂದಲೇ. ಜೇಡದ ವಿಷ ಹೋಗಿ ಆ ಬಾಯಿಗೆ ಬಿರಡೆ ಹಾಕಿಬಿಡತ್ತೆ. ಆಮೇಲೆ ಎಷ್ಟು ಎಸೆದರೂ ಅಪ್ಪಣೆ ಮುಟ್ಟಲ್ಲ. ನೊಣ ಒದ್ದಾಡೋದು ನಿಲ್ಲತ್ತೆ."

"ನನ್ನ ಮಗಳಿಗೆ ಫಿಟ್ಸ್ ಬರತ್ತಲ್ಲ, ಸೆನ್ಸೇ. ಆಗ ಏನಾಗತ್ತೆ?"

"ಆಗ ನರಗಳ ಒಂದು ಗುಂಪು ಒಟ್ಟಿಗೆ ಎಸೆಯೋಕೆ ಶುರು ಮಾಡತ್ತೆ. ಪಕ್ಕದವೂ ಸೇರ್ಕೊಳ್ತವೆ. ತಡೆಯೋರು ಇರಲ್ಲ."

"ಹಾಗಾದ್ರೆ ಅವಳಿಗೂ ಆ ಬಿರಡೆ ಹಾಕಿ."

"ಎಲ್ಲ ಬಾಯಿಗೂ ಬಿರಡೆ ಹಾಕಿದ್ರೆ ಯೋಚನೆನೂ ನಿಲ್ಲತ್ತೆ, ಉಸಿರೂ ನಿಲ್ಲತ್ತೆ. ಯಾವ ಬಾಯಿ, ಎಷ್ಟು, ಎಷ್ಟು ಹೊತ್ತು, ಅದು ಗೊತ್ತಾಗಬೇಕು. ಅದಕ್ಕೇ ಈ ಜೇಡಗಳು ಬೇಕಿರೋದು. ನನ್ನ ಕಾಲಕ್ಕೆ ಆಗತ್ತೋ ಇಲ್ಲವೋ, ಸುಳ್ಳು ಹೇಳಲ್ಲ."

ಇಷ್ಟು ಹೇಳಿ ಅವರು ಸಾರು ಮುಗಿಸಿ, ಇನ್ನೊಂದು ಬಟ್ಟಲು ಹಾಕಿಸಿಕೊಂಡು, ಮರುದಿನ ಬೆಳಿಗ್ಗೆ ಬಿದಿರಿನ ಕೊಳವೆಗಳಲ್ಲಿ ಆ ಮನೆಯ ಜೇಡಗಳನ್ನು ತುಂಬಿಕೊಂಡು ರೈಲು ಹತ್ತಿದರು. ತೊಮಿಯಕ್ಕ ಬೆನಿಯನ್ನೂ ಕೊಟ್ಟಿದ್ದಳು. ಗೆದ್ದ ಜೇಡದಲ್ಲಿ ವಿಷ ಚೆನ್ನಾಗಿರುತ್ತದೆ ಎಂದು ಅವಳ ಲೆಕ್ಕಾಚಾರ. ಬೆನಿ ಬೆಟ್ಟಕ್ಕೆ ಮರಳಲಿಲ್ಲ ಎಂಬ ಸುದ್ದಿ ಹರಡಿತು. ಮುಂದಿನ ಜೂನ್‌ನಲ್ಲಿ ಕೋಲಿನ ಬಳಿ ಅವಳ ಹೆಸರು ಕರೆಯಲಿಲ್ಲ. ಅವಳು ಯಾಕೆಂದು ಕೇಳಲೂ ಇಲ್ಲ, ಮತ್ತೆ ಜೇಡ ಸಾಕಲೂ ಇಲ್ಲ. ಬೆನಿಯ ಹೆಸರು ಬಂದಾಗಲೆಲ್ಲ ಮಾತು ಬದಲಿಸುತ್ತಿದ್ದಳು. ನಂಬಿ ಬಲೆ ಕಟ್ಟಿದ್ದ ಪ್ರಾಣಿಯನ್ನು ಸಾಯಲು ಕಳಿಸಿದೆ ಎಂಬುದು ಅವಳ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

"ಬಿರಡೆ ಅವರು ಹುಡುಕ್ತಾರೆ, ಹುಡುಕಲಿ," ಎಂದಳು ನನ್ನ ಒಳಕೋಣೆಯಲ್ಲಿ ಕೂತು. "ಆದ್ರೆ ಎಸೆಯೋ ಪದಾರ್ಥ ನನ್ನ ಅಡುಗೆಮನೇಲೇ ಇದೆಯಲ್ಲ, ಸೆತ್ಸು. ಉರಿಯೋ ಮನೆಗೆ ನಾನೇ ದಿನಾ ಸೌದೆ ಬಡಿಸ್ತಾ ಇದ್ದೆ. ಅವತ್ತಿಂದ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಕಡಿಮೆ ಆಗಿದೆ, ನಿಜವಾಗ್ಲೂ ಕಡಿಮೆ ಆಗಿದೆ. ಇವತ್ತು ನೋಡಿದೆಯಲ್ಲ, ಒಂದು ಚೂರು ಬಾಯಿಗೆ ಬಿದ್ದಿದ್ದಕ್ಕೆ ಏನಾಯ್ತು ಅಂತ."

ನೋಡಿದ್ದೆ. ಕಣ್ಣಾರೆ ಕಂಡ ಮೇಲೆ ನಂಬದೆ ಇರಲು ನಾನು ಯಾವ ದೊಡ್ಡ ಪಂಡಿತೆ? ಅಂದಿನಿಂದ ಚೂರಿನ ಡಬ್ಬಿಯನ್ನು ಮೇಲಿನ ಅಟ್ಟಣಿಗೆಗೆ ಏರಿಸಿದೆ. ಅವಳ ಬಾಗಿಲ ಬೂದಿಯನ್ನೂ ಗುಡಿಸತೊಡಗಿದೆ.

ಸಪ್ಪೆ ಅಡುಗೆ ಎಂದರೆ ಎಂಥ ಸಪ್ಪೆ ಎಂದು ನಿಮಗೆ ಹೇಳಬೇಕು. ಆ ರುಚಿ ಯಾವುದರಲ್ಲೆಲ್ಲ ಅಡಗಿದೆ ಎಂದು ತೊಮಿಯಕ್ಕ ಯಾರನ್ನೂ ಕೇಳಲಿಲ್ಲ, ತನ್ನ ನಾಲಿಗೆಯಿಂದಲೇ ಪತ್ತೆ ಹಚ್ಚಿದಳು. ಹುದುಗಿಸಿದ ಸೋಯಾಕಾಳಿನ ಮಿಸೊ ಹೋಯಿತು, ಸೋಯಾ ರಸ ಹೋಯಿತು, ಒಣ ಅಣಬೆ ಹೋಯಿತು, ಅಂಗಡಿಯ ರುಚಿಪುಡಿ ಹೋಯಿತು. ಒಂದು ದಿನ ಚೆನ್ನಾಗಿ ಹಣ್ಣಾದ ಟೊಮೆಟೊ ಕಚ್ಚಿ, ತಲೆಯಾಡಿಸಿ, ಅದನ್ನೂ ಬುಟ್ಟಿಯಿಂದ ಹೊರಗೆ ಹಾಕಿದಳು. ಉಳಿದದ್ದು ಉಪ್ಪುನೀರಲ್ಲಿ ಬೇಯಿಸಿದ ಮೂಲಂಗಿ, ಗೆಣಸು, ಸೊಪ್ಪು, ಅನ್ನ. ಹೊಸ ವರ್ಷದ ದಿನ ಎಲ್ಲರ ಮನೆಯಲ್ಲಿ ಘಮಘಮಿಸುವ ಸಾರಿನೊಳಗೆ ಅಕ್ಕಿಯ ಉಂಡೆ ತೇಲಿದರೆ, ಅವರ ಮನೆಯಲ್ಲಿ ಅದು ಬಿಸಿನೀರಿನಲ್ಲಿ ತೇಲುತ್ತಿತ್ತು. ಶಾಲೆಯಲ್ಲಿ ಎಲ್ಲ ಮಕ್ಕಳೂ ಒಂದೇ ಊಟ ಉಣ್ಣುವಾಗ ಚಿಜುರು ಒಬ್ಬಳೇ ಮನೆಯ ಡಬ್ಬಿ ತೆರೆಯಬೇಕಿತ್ತು. ಅವಳಿಗೆ ಫಿಟ್ಸ್‌ಗಿಂತ ಆ ಡಬ್ಬಿಯ ಬಗ್ಗೆಯೇ ಹೆಚ್ಚು ನಾಚಿಕೆ.

ತೊಮಿಯಕ್ಕ ತಾನೂ ಅದನ್ನೇ ತಿಂದಳು. ಮದುವೆಗೆ ಹೋದರೆ, ತಿಥಿಗೆ ಹೋದರೆ, ಸಾರಿನ ಬಟ್ಟಲನ್ನು ತುಟಿಗೆ ಮುಟ್ಟಿಸಿ ಕೆಳಗಿಡುವಳು. ಒಂದು ಸಾವಿನ ಮನೆಯಲ್ಲಿ ನಾನೇ ಚುಚ್ಚಿದೆ.

"ತೊಮಿಯಕ್ಕ, ಫಿಟ್ಸ್ ಇರೋದು ನಿನಗೋ ಮಗಳಿಗೋ? ಅವಳು ಇಲ್ಲಿ ಇಲ್ವಲ್ಲ. ಒಂದು ಗುಟುಕು ಕುಡಿ, ನಾನು ಚಾಡಿ ಹೇಳಲ್ಲ."

"ನಾಲಿಗೆಗೆ ನೆನಪಾದ್ರೆ ಕೈ ಸುಮ್ಮನಿರಲ್ಲ ಕಣೆ," ಎಂದಳು. "ಮನೆಗೆ ಹೋಗಿ ಹಾಕಿಬಿಡ್ತೀನಿ."

ಹೀಗೆ ಮೂವತ್ತು ವರ್ಷಕ್ಕೂ ಮೇಲಾಯಿತು. ಚಿಜುರು ದೊಡ್ಡವಳಾದಳು, ರೇಷ್ಮೆ ನೇಯುವ ಕಾರ್ಖಾನೆಗೆ ಸೇರಿದಳು. ಒಂದೆರಡು ಕಡೆಯಿಂದ ಮದುವೆಯ ಮಾತು ಬಂತು, ಕಾಯಿಲೆಯ ಸುದ್ದಿ ಕೇಳಿ ಬಂದ ದಾರಿಯಲ್ಲೇ ಹೋಯಿತು. ತಿಂಗಳಿಗೊಮ್ಮೆ ಒಬ್ಬಳೇ ರೈಲಿನಲ್ಲಿ ಶಹರದ ಆಸ್ಪತ್ರೆಗೆ ಹೋಗಿ ಬರುವಳು. ಫಿಟ್ಸ್ ಕೆಲವು ವರ್ಷ ಕಡಿಮೆಯಾಗುವುದು, ಕೆಲವು ವರ್ಷ 'ಇಗೋ ಬಂದೆ' ಎಂದು ಮೈಮೇಲೆ ಬೀಳುವುದು. ಬಿದ್ದ ವರ್ಷಗಳಲ್ಲಿ ತೊಮಿಯಕ್ಕ ಅಡುಗೆಮನೆಯಲ್ಲಿ ತಪ್ಪು ಹುಡುಕುವಳು. ಕಾರ್ಖಾನೆಯ ಮೀನುವಡೆಯ ವಾಸನೆ ತನ್ನ ಬಟ್ಟೆಗೆ ಅಂಟಿತ್ತೇನೋ ಎಂದು ಬಾಗಿಲ ಹೊರಗೇ ಕೆಲಸದ ಉಡುಪು ಬದಲಾಯಿಸಿದ ಕಾಲವೂ ಇತ್ತು. ನೋಡುವವರಿಗೆ ಹುಚ್ಚು. ನನಗೆ ನಗು ಬರುತ್ತಿರಲಿಲ್ಲ, ಸಂಕಟವಾಗುತ್ತಿತ್ತು.

ಈಚೆಗೆ ಶಹರದ ಡಾಕ್ಟರು ಒಂದು ಹೊಸ ಮಾತ್ರೆ ಕೊಟ್ಟರು, ಮಲಗುವ ಮುಂಚೆ ನುಂಗುವುದು. ಮೊದಮೊದಲು ಚಿಜುರುವಿಗೆ ತಲೆ ಸುತ್ತಿತು, ಮೂಗಿನ ತುದಿಯಲ್ಲೇ ಸಿಟ್ಟು. ಆಮೇಲೆ ಮೈ ಒಗ್ಗಿತು. ಒಂದು ಚಳಿಗಾಲ ಕಳೆಯಿತು, ಇನ್ನೊಂದೂ ಕಳೆಯಿತು, ಹೆಬ್ಬೆರಳು ಕುಣಿಯಲೇ ಇಲ್ಲ.

ಆ ಜೂನ್‌ನಲ್ಲಿ ಇಗರಾಶಿ ಸೆನ್ಸೇ ಮತ್ತೆ ಬಂದರು.

ಕೈಯಲ್ಲಿ ಊರುಗೋಲು, ತಲೆ ಪೂರ್ತಿ ಬೆಳ್ಳಗೆ. ಕೆಲಸದಿಂದ ನಿವೃತ್ತರಾಗಿ ವರ್ಷಗಳಾಗಿದ್ದವು. ಸಾಯುವ ಮೊದಲು ಇಲ್ಲಿಯ ಜೇಡಗಳಿಗೆ ಒಂದು ನಮಸ್ಕಾರ ಹೇಳಿ ಹೋಗಬೇಕು ಅನ್ನಿಸಿತು ಎಂದರು. ತೊಮಿಯಕ್ಕ ಗೋಡೆಯ ಮೇಲಿಂದ ನನ್ನನ್ನು ಕೂಗಿದಳು. ನಾನು ಹೋಗುವಷ್ಟರಲ್ಲಿ ಮಧ್ಯಾಹ್ನದ ಊಟಕ್ಕೆ ಬಟ್ಟಲುಗಳನ್ನು ಇಟ್ಟಾಗಿತ್ತು. ಚಿಜುರುವೂ ರಜೆ ಹಾಕಿ ಮನೆಯಲ್ಲಿದ್ದಳು.

"ಬೆನಿ ಏನಾಯ್ತು ಸೆನ್ಸೇ?" ತೊಮಿಯಕ್ಕ ಮೊದಲು ಕೇಳಿದ್ದೇ ಅದನ್ನು. ನನ್ನ ಒಳಕೋಣೆಯಲ್ಲಿ ಕೂತು ಹೇಳಿದ ಆ ಸಂಜೆಯ ನಂತರ ಆ ಹೆಸರು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅವರು ಬಟ್ಟಲಿಗೆ ಕೈ ಹಾಕದೆ ಉತ್ತರ ಹೇಳಿದರು. ಜೇಡಗಳ ವಿಷವೇ ಔಷಧಿಯಾಗಲಿಲ್ಲ, ಅದು ಬಲು ಒರಟು. ಆದರೆ ಅದು ಯಾವ ಬಾಯಿಯನ್ನು ಮುಚ್ಚುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಎಂದು ನೋಡುತ್ತಾ ನೋಡುತ್ತಾ ಬಾಯಿಗಳಲ್ಲಿ ಬೇರೆ ಬೇರೆ ಬಗೆ ಇರುವುದು ಅವರಿಗೆ ಸ್ಪಷ್ಟವಾಯಿತು. ಜಗತ್ತಿನ ಬೇರೆ ಬೇರೆ ಕಡೆ ಬೇರೆ ಬೇರೆ ಜನ ಹೀಗೇ ಒಂದೊಂದು ತುಣುಕು ಕಂಡುಕೊಂಡರು. ಅದೆಲ್ಲ ಸೇರಿದ ಮೇಲೆ ಇನ್ನಾರೋ ಸೌಮ್ಯವಾದ ಬಿರಡೆಗಳನ್ನು ತಯಾರಿಸಿದರು.

ಚಿಜುರು ಎದ್ದು ಹೋಗಿ ತನ್ನ ಮಾತ್ರೆಯ ಪಟ್ಟಿ ತಂದು ಕೊಟ್ಟಳು. ಸೆನ್ಸೇ ಕನ್ನಡಕ ಏರಿಸಿ ಹೆಸರು ಓದಿದರು. ಪಟ್ಟಿ ತಿರುಗಿಸಿ ಮತ್ತೊಮ್ಮೆ ಓದಿದರು.

"ಇದು ಅದೇ ಬಾಯಿಯನ್ನ ಅಡಗಿಸೋ ಮಾತ್ರೆ," ಎಂದರು. "ಬೇರೆ ದಾರಿಯಿಂದ ಹೋಗತ್ತೆ, ಆದ್ರೆ ಬಾಯಿ ಅದೇ. ನಿಮ್ಮ ಜೇಡಾನೂ ಇದರಲ್ಲಿ ಒಂದಿಷ್ಟು ಇದೆ ಅನ್ನೋಕೆ ನನಗೆ ಸಂಕೋಚ ಇಲ್ಲ, ತೊಮಿ-ಸಾನ್."

ತೊಮಿಯಕ್ಕ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡಳು. ಅಷ್ಟು ವರ್ಷ ಹೊತ್ತ ಭಾರ ಇಳಿದರೆ ಮುಖ ಹೇಗಾಗುತ್ತದೆ ಎಂದು ನಾನು ಅಂದು ನೋಡಿದೆ. ಕೈ ತೆಗೆದಾಗ ಹತ್ತು ವರ್ಷ ಚಿಕ್ಕವಳಾಗಿ ಕಂಡಳು.

"ತಿನ್ನಿ ಸೆನ್ಸೇ, ಆರಿಹೋಗತ್ತೆ," ಎಂದಳು. "ಅವತ್ತಿನ ರುಚಿ ಇರಲ್ಲ, ಬೇಜಾರು ಮಾಡ್ಕೋಬೇಡಿ. ನನ್ನ ಪಾಲಿನ ಕೆಲಸಾನೂ ನಾನು ಬಿಟ್ಟಿಲ್ಲ. ನೀವು ಹೇಳಿ ಹೋದ ದಿನದಿಂದ ಆ ಪದಾರ್ಥ ಈ ಮನೆ ಹೊಸ್ತಿಲು ದಾಟಿಲ್ಲ."

ಸೆನ್ಸೇ ಒಂದು ಗುಟುಕು ಕುಡಿದಿದ್ದರು. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು.

"ಯಾವ ಪದಾರ್ಥ?"

"ಅದೇ, ನರಗಳು ಎಸೆಯೋದು. ಸಾರಲ್ಲಿ ಇರೋದು."

ಅವರು ತೊಮಿಯಕ್ಕನನ್ನು ನೋಡಿದರು, ಬಟ್ಟಲನ್ನು ನೋಡಿದರು. ಅವರ ಕಿವಿಯ ತುದಿ ಕೆಂಪಾಗುತ್ತಾ ಹೋಯಿತು. ಆಮೇಲೆ ಚಿಜುರುವಿನ ಕಡೆ ತಿರುಗಿದರು. ಚಿಜುರು ಬೇಡ ಎಂಬಂತೆ ಕತ್ತನ್ನು ಒಂದಿಷ್ಟೇ ಅಲ್ಲಾಡಿಸಿದಳು. ನಾನು ಕಂಡೆ. ನಾನು ಕಂಡೆ ಎಂದರೆ ಮಗಳ ಹೆಬ್ಬೆರಳನ್ನೇ ಅಷ್ಟು ವರ್ಷ ಕಾದ ತೊಮಿಯಕ್ಕ ಕಾಣದೆ ಇರುತ್ತಾಳೆಯೇ?

"ಏನು ಬೇಡ ಅಂತಿದ್ದೀಯಾ ಅವರಿಗೆ?" ಎಂದಳು.

ಚಿಜುರು ಮಾತ್ರೆಯ ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು, ತೊಮಿಯಕ್ಕ ಸೆನ್ಸೇ ಕಡೆ ತಿರುಗಿದಳು.

"ಸೆನ್ಸೇ, ನೀವು ಹೇಳಿ."

ಸೆನ್ಸೇ ಕಾಲು ಮಡಿಸಿ ನೆಟ್ಟಗೆ ಕೂತರು. "ತಿಂದದ್ದು ತಲೆಗೆ ಹೋಗಲ್ಲ, ತೊಮಿ-ಸಾನ್. ಬಹುಪಾಲು ಕರುಳೇ ಅದನ್ನ ಉರುವಲು ಮಾಡ್ಕೊಂಡುಬಿಡತ್ತೆ. ಅಷ್ಟಿಷ್ಟು ರಕ್ತಕ್ಕೆ ಬಂದ್ರೂ ರಕ್ತಕ್ಕೂ ಮೆದುಳಿಗೂ ನಡುವೆ ಗೋಡೆ ಥರ ಒಂದಿದೆ, ಅದು ಒಳಗೆ ಬಿಡಲ್ಲ. ಮೆದುಳು ತನಗೆ ಬೇಕಾದ್ದನ್ನ ತಾನೇ ಒಳಗೆ ಮಾಡ್ಕೊಳ್ಳತ್ತೆ. ಸಾರು ಕುಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಅವತ್ತು ನಾನು ಅದನ್ನ ಹೇಳಬೇಕಿತ್ತು. ನೀವು ಹೀಗೆ ತಗೋತೀರಿ ಅಂತ ನನಗೆ ಹೊಳೆಯಲೇ ಇಲ್ಲ." ಅವರು ಹಣೆ ಚಾಪೆಗೆ ಮುಟ್ಟುವ ಹಾಗೆ ಬಾಗಿದರು. ಬಾಗಿದವರು ಬೇಗ ಏಳಲಿಲ್ಲ.

"ನಿಲ್ಲಿಸಿದ ಮೇಲೆ ಕಡಿಮೆ ಆಯ್ತಲ್ಲ," ಎಂದಳು ತೊಮಿಯಕ್ಕ. "ಸೆತ್ಸು ಅಂಗಡೀಲಿ ಚೂರು ತಿಂದು ಬಿದ್ದಳಲ್ಲ."

"ಆಗ ಡಾಕ್ಟರು ಮಾತ್ರೆ ಜಾಸ್ತಿ ಮಾಡಿದ್ರು ಅಮ್ಮ," ಎಂದಳು ಚಿಜುರು. "ಅಂಗಡೀಲಿ ಬಿದ್ದ ವಾರ ನಾನು ಮಾತ್ರೆ ನುಂಗ್ತಿರಲಿಲ್ಲ. ತರಗತೀಲಿ ನಿದ್ದೆ ಬರತ್ತೆ ಅಂತ ಹಿತ್ತಲಿಗೆ ಎಸೀತಿದ್ದೆ."

"ನಿನಗೆ ಗೊತ್ತಿತ್ತು."

"ಇಪ್ಪತ್ತನೇ ವಯಸ್ಸಲ್ಲಿ ಡಾಕ್ಟರನ್ನ ಕೇಳಿದೆ. ಅವರೂ ಇದನ್ನೇ ಹೇಳಿದ್ರು."

"ಕೇಳಿಯೂ ಈ ಮೂಲಂಗಿ ತಿಂದೆ."

"ಮನೇಲಿ ತಿಂದೆ. ಹೊರಗೆ..." ಚಿಜುರು ಚಾಪೆಯ ಅಂಚನ್ನು ಸವರಿದಳು. "ಆಸ್ಪತ್ರೆಗೆ ಹೋದಾಗೆಲ್ಲ ಅಲ್ಲಿನ ಸ್ಟೇಷನ್ ಎದುರಿನ ಅಂಗಡೀಲಿ ರಾಮೆನ್ ತಿಂತಿದ್ದೆ. ಗಟ್ಟಿ ಸಾರಲ್ಲಿ ಮುಳುಗಿದ ಶಾವಿಗೆ, ದೊಡ್ಡ ಬಟ್ಟಲು."

ನನಗೆ ಅಂಥ ಹೊತ್ತಿನಲ್ಲೂ ನಗು ಬಂತು, ತುಟಿ ಕಚ್ಚಿ ಹಿಡಿದೆ. ತೊಮಿಯಕ್ಕನ ಮುಖ ಸಡಿಲಾಗಲಿಲ್ಲ.

"ನನಗ್ಯಾಕೆ ಹೇಳಲಿಲ್ಲ?"

"ಹೇಳಬೇಕು ಅಂತಲೇ ಅವತ್ತು ರೈಲಿಳಿದು ಬಂದೆ. ನೀನು ಅಡುಗೆ ಮಾಡಿಟ್ಟು ಕಾಯ್ತಿದ್ದೆ. ನನ್ನ ಬಟ್ಟಲಿಗೆ ಹಾಕಿ, ನನ್ನ ಹೆಬ್ಬೆರಳು ನೋಡಿ, ಆಮೇಲೆ ನಿನಗೆ ಹಾಕ್ಕೊಂಡೆ. ನಾನು ಬಿದ್ದಾಗ ನಿನ್ನ ಕೈಲಿ ಏನೂ ಆಗ್ತಿರಲಿಲ್ಲ ಅಮ್ಮ. ಇದೊಂದು ಆಗ್ತಿತ್ತು. ಇದನ್ನೂ ಕಿತ್ಕೊಂಡ್ರೆ ನಿನಗೇನು ಉಳೀತಿತ್ತು?"

"ಸಾರು ಉಳೀತಿತ್ತು," ಎಂದಳು ತೊಮಿಯಕ್ಕ.

ಎದ್ದು ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅಡುಗೆಮನೆಗೆ ಹೋದಳು. ಸೆನ್ಸೇಯ ಬಟ್ಟಲಿನಲ್ಲಿ ಉಳಿದದ್ದನ್ನು ಚೆಲ್ಲಿದ ಸದ್ದು ಕೇಳಿಸಿತು. ಮತ್ತೆ ಈಚೆ ಬರಲಿಲ್ಲ. ಸೆನ್ಸೇ ನನ್ನ ಅಂಗಡಿಯ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದು, ಸಂಜೆಯ ರೈಲಿಗೆ ಹೋದರು. ನನಗೆ ಅವರ ಮೇಲೆ ಸಿಟ್ಟಿತ್ತು. ಅವರ ಕುತ್ತಿಗೆ ನೋಡಿ ಪಾಪ ಅಂತಲೂ ಅನ್ನಿಸಿತು, ಅಷ್ಟು ತಗ್ಗಿತ್ತು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ಸರಿಸುವಾಗ ತೊಮಿಯಕ್ಕ ಹೊರಗೆ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು. ಒಳಗೆ ಬಂದು ನೇರವಾಗಿ ಕಡಲಸೊಪ್ಪಿನ ಅಟ್ಟಣಿಗೆಗೆ ಹೋದಳು. ಒಂದು ಹಾಳೆಯನ್ನು ಬೆಳಕಿಗೆ ಹಿಡಿದಳು, ಮೂಸಿದಳು, ಅಂಚನ್ನು ಉಗುರಿನಿಂದ ಕೆರೆದಳು.

"ಇದಕ್ಕೆ ಥಂಡಿ ಹೊಡೆದಿದೆ, ಸೆತ್ಸು."

"ಹೊಡೆದಿದ್ರೆ ಬಿಟ್ಟುಹೋಗು. ನಿನ್ನ ನಂಬಿ ನಾನು ಅಂಗಡಿ ಇಟ್ಟಿಲ್ಲ."

ಅವಳು ಅದೇ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡಳು. ಬಾಗಿಲ ತನಕ ಹೋಗಿ ನಿಂತಳು. "ನೀನೂ ಬಾ. ಒಬ್ಬಳೇ ಬಡಿಸೋಕೆ ಭಯ ಆಗತ್ತೆ," ಎಂದಳು.

ಸೊಪ್ಪು ತಣ್ಣೀರಿನಲ್ಲಿ ನೆನೆಯುವಷ್ಟು ಹೊತ್ತೂ ತೊಮಿಯಕ್ಕ ಪಾತ್ರೆಯ ಬಳಿಯಿಂದ ಕದಲಲಿಲ್ಲ. ನೀರು ಕುದಿಯುವ ಮುಂಚೆ ಹಾಳೆಯನ್ನು ಹೊರಗೆಳೆಯಬೇಕು, ಒಂದು ಕ್ಷಣ ತಡವಾದರೂ ಲೋಳೆ ಬಿಡುತ್ತದೆ. ತೊಮಿಯಕ್ಕನ ಕೈ ಅದನ್ನು ಮರೆತಿರಲಿಲ್ಲ, ಸರಿಯಾದ ಹೊತ್ತಿಗೆ ಎಳೆಯಿತು. ನಾನು ತಂದಿದ್ದ ಒಣಮೀನನ್ನು ಕೆತ್ತಿ ಹಾಕಿ, ಸೋಸಿ, ಉಪ್ಪು ನೋಡದೆಯೇ ಹಾಕಿದಳು. ಆ ಮನೆಯಲ್ಲಿ ಆ ವಾಸನೆ ಏಳುತ್ತಿದ್ದಂತೆ ನಾನು ಬಟ್ಟಲುಗಳನ್ನು ತಂದಿಟ್ಟೆ.

ಮೊದಲ ಬಟ್ಟಲನ್ನು ಚಿಜುರುವಿನ ಮುಂದಿಟ್ಟಳು. ಚಿಜುರು ಎಡಗೈಯಲ್ಲಿ ಬಟ್ಟಲು ಎತ್ತಿದಳು, ಹೆಬ್ಬೆರಳು ಅಂಚಿನ ಮೇಲೆ ಕಾಣುತ್ತಿತ್ತು. ತೊಮಿಯಕ್ಕ ಅದನ್ನೇ ನೋಡುತ್ತಾ ಕೂತಳು. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ. ಒಬ್ಬ ದೊಡ್ಡ ಪಂಡಿತರು ಬಂದು ಹೇಳಿಹೋದರೂ ನಮ್ಮಿಬ್ಬರ ಭಯ ಹೋಗಿರಲಿಲ್ಲ. ಚಿಜುರು ಕೊನೆಯ ಗುಟುಕಿನವರೆಗೂ ಕುಡಿದು ಬಟ್ಟಲು ಕೆಳಗಿಟ್ಟಳು.

"ರಾಮೆನ್ ಅಂಗಡಿಯವನು ನಿನ್ನ ಹತ್ರ ಕಲೀಬೇಕು ಅಮ್ಮ," ಎಂದಳು.

ತೊಮಿಯಕ್ಕನ ಬಟ್ಟಲು ಮುಂದೆಯೇ ಇತ್ತು, ಹಬೆ ಕಡಿಮೆಯಾಗುತ್ತಿತ್ತು. ಅವಳ ಕಣ್ಣು ಇನ್ನೂ ಮಗಳ ಕೈಯ ಮೇಲೆ.

"ನಿನ್ನದು ಆರಿಹೋಗ್ತಿದೆ ಅಮ್ಮ."

"ಇನ್ನೊಂದು ಸ್ವಲ್ಪ ಹೊತ್ತು ನೋಡ್ತೀನಿ."

ಚಿಜುರು ಸರಿದು ತಾಯಿಯ ಪಕ್ಕಕ್ಕೆ ಬಂದಳು. ತನ್ನ ಎಡಗೈಯನ್ನು ಅವಳ ಮಡಿಲಲ್ಲಿಟ್ಟಳು.

"ಹಿಡ್ಕೋ," ಎಂದಳು. "ಹಿಡ್ಕೊಂಡು ಕುಡಿ."

ತೊಮಿಯಕ್ಕ ಒಂದು ಕೈಯಲ್ಲಿ ಮಗಳ ಹೆಬ್ಬೆರಳನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬಟ್ಟಲೆತ್ತಿ ಕುಡಿದಳು. ಬಟ್ಟಲು ಖಾಲಿಯಾದ ಮೇಲೂ ಬೆರಳನ್ನು ಬಿಡಲಿಲ್ಲ.